ಕಲ್ಕತ್ತೆಯ ಟ್ರಾಮು ಡಿಪೋಗಳು

ನಮ್ಮ ಊರುಗಳಲ್ಲಿ ತೇರು ವರ್ಷಕ್ಕೊಮ್ಮೆ ಬೀದಿಗೆ ಬರುತ್ತದೆ. ಆ ದಿನ ಅದನ್ನು ಕಣ್ತುಂಬ ನೋಡಲು ಸುತ್ತಣ ಹಳ್ಳಿಗಳ ಜನವೆಲ್ಲ ಸೇರುತ್ತಾರೆ. ಉಳಿದ ದಿನಗಳಲ್ಲಿ ತೇರು ಎಲ್ಲಿರುತ್ತದೆ, ಅದನ್ನು ಯಾರು ಕಾಯುತ್ತಾರೆ ಎಂದು ಕೇಳುವವರು ವಿರಳ. ಗಾಲಿಗೆ ಗೆದ್ದಲು ಹತ್ತದಂತೆ, ಅಚ್ಚು ಸೀಳದಂತೆ, ಮಳೆಯ ಎರಚಲು ಬಡಿಯದಂತೆ ನೋಡಿಕೊಳ್ಳುವುದು ತೇರಿನ ಮನೆಯ ಕೆಲಸ. ಆ ಮನೆಯ ಸೂರು ಕುಸಿದ ಊರಿನಲ್ಲಿ ತೇರು ಬಹುಕಾಲ ಬೀದಿಗೆ ಬರಲಾರದು.

ದೊಡ್ಡ ಪಟ್ಟಣಗಳ ಬಸ್ಸು, ಟ್ರಾಮು, ರೈಲುಗಳು ವರ್ಷಕ್ಕೊಮ್ಮೆಯಲ್ಲ, ದಿನದಿನವೂ ಬೀದಿಗೆ ಬರುವ ತೇರುಗಳು. ಇವುಗಳಿಗೂ ತೇರಿನ ಮನೆಗಳುಂಟು. ಅವನ್ನು ನಾವು ಡಿಪೋ ಎನ್ನುತ್ತೇವೆ. ಕೊನೆಯ ಪ್ರಯಾಣಿಕ ಇಳಿದು ಹೋದ ಮೇಲೆ ಗಾಡಿ ಅಲ್ಲಿಗೆ ಬರುತ್ತದೆ. ಮೊದಲ ಪ್ರಯಾಣಿಕ ಏಳುವ ಮುನ್ನ ಅಲ್ಲಿಂದ ಹೊರಡುತ್ತದೆ. ಈ ನಡುವಣ ಕೆಲವು ಗಂಟೆಗಳಲ್ಲಿ ಅಲ್ಲಿ ನಡೆಯುವ ದುಡಿಮೆ ಪಟ್ಟಣದ ಕಣ್ಣಿಗೆ ಬೀಳುವುದೇ ಇಲ್ಲ. ಚರಿತ್ರೆ ಬರೆಯುವವರು ಕೂಡ ಮೊದಲ ಗಾಡಿ ಯಾವ ದಿನ ಓಡಿತು, ಕೊನೆಯ ಗಾಡಿ ಯಾವ ದಿನ ನಿಂತಿತು ಎಂದು ಬರೆದಿಡುತ್ತಾರೆ. ರಾತ್ರಿ ಅದು ಎಲ್ಲಿ ನಿಂತಿತ್ತು ಎಂಬುದನ್ನು ಬಿಟ್ಟುಬಿಡುತ್ತಾರೆ. ಆದರೆ ಒಂದು ನಗರದ ವಾಹನ ವ್ಯವಸ್ಥೆಯ ಏಳುಬೀಳುಗಳನ್ನು ಅರಿಯಬೇಕಾದರೆ ಡಿಪೋದ ಬಾಗಿಲಲ್ಲಿ ನಿಂತು ನೋಡುವುದು ಒಳ್ಳೆಯದು. ಇದಕ್ಕೆ ಕಲ್ಕತ್ತೆಯ ಟ್ರಾಮಿಗಿಂತ ಉತ್ತಮ ನಿದರ್ಶನ ನಮ್ಮ ದೇಶದಲ್ಲಿ ಸಿಗಲಾರದು.

ಕಲ್ಕತ್ತೆಯಲ್ಲಿ ಮೊದಲ ಟ್ರಾಮು ಓಡಿದ್ದು 1873ರ ಫೆಬ್ರವರಿ 24ರಂದು. ಸಿಯಾಲ್ದಾ ರೈಲು ನಿಲ್ದಾಣದಿಂದ ಹೂಗ್ಲಿ ನದಿಯ ದಡದ ಆರ್ಮೇನಿಯನ್ ಘಾಟ್‌ವರೆಗೆ ಸುಮಾರು ಎರಡೂವರೆ ಮೈಲಿಯ ದಾರಿ. ಎಳೆಯುವುದು ಕುದುರೆ. ಸಾಕಷ್ಟು ಗಿರಾಕಿ ದೊರೆಯದೆ ಅದೇ ವರ್ಷದ ನವೆಂಬರ್ 20ರಂದು ಅದು ನಿಂತುಹೋಯಿತು. ಏಳು ವರ್ಷಗಳ ಅನಂತರ, 1880ರ ನವೆಂಬರ್ 1ರಂದು, ವೈಸ್‌ರಾಯ್ ಲಾರ್ಡ್ ರಿಪ್ಪನ್ ಹೊಸ ಮಾರ್ಗವನ್ನು ಉದ್ಘಾಟಿಸಿದನು. ಸಿಯಾಲ್ದಾದಿಂದ ಬೌಬಜಾರ್, ಡಾಲ್‌ಹೌಸಿ ಚೌಕ, ಸ್ಟ್ರಾಂಡ್ ರಸ್ತೆಗಳ ಮೂಲಕ ಮತ್ತೆ ಆರ್ಮೇನಿಯನ್ ಘಾಟ್‌ಗೇ ಈ ದಾರಿ. ಆ ಡಿಸೆಂಬರಿನಲ್ಲಿ ಕಲ್ಕತ್ತ ಟ್ರಾಮ್‌ವೇಸ್ ಕಂಪನಿ ಲಂಡನ್ನಿನಲ್ಲಿ ನೋಂದಣಿಯಾಯಿತು. ಈ ಬಾರಿ ಟ್ರಾಮು ನೆಲೆಯೂರಿತು.

ಆ ಕಾಲದ ಡಿಪೋ ಎಂದರೆ ಕುದುರೆಯ ಲಾಯ. ಅದರ ಗಾತ್ರವನ್ನು ಊಹಿಸಲು ಒಂದು ಲೆಕ್ಕ ಸಾಕು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಕಂಪನಿಯ ಬಳಿ 166 ಟ್ರಾಮು ಗಾಡಿಗಳು, 1,000 ಕುದುರೆಗಳು, 7 ಉಗಿ ಎಂಜಿನ್‌ಗಳು ಮತ್ತು 19 ಮೈಲಿಗಳ ಹಳಿ ಇದ್ದವು. ಗಾಡಿಯೊಂದಕ್ಕೆ ಸುಮಾರು ಆರು ಕುದುರೆಗಳಂತೆ ಆಯಿತು. ಗಾಡಿಗೆ ಕಟ್ಟುವುದು ಒಂದೆರಡು ಕುದುರೆ. ಮತ್ತೆ ಆರು ಏಕೆ? ಕುದುರೆ ಜೀವವುಳ್ಳ ಯಂತ್ರ. ತುಂಬಿದ ಗಾಡಿಯನ್ನು ಕೆಲವು ಗಂಟೆ ಎಳೆದರೆ ಅದಕ್ಕೆ ಉಳಿದ ದಿನವೆಲ್ಲ ವಿಶ್ರಾಂತಿ ಬೇಕು. ಮುಂಜಾನೆಯಿಂದ ರಾತ್ರಿಯವರೆಗೆ ಒಂದೇ ಗಾಡಿ ಓಡಬೇಕಾದರೆ ಜೋಡಿಯ ಮೇಲೆ ಜೋಡಿ ಬದಲಾಗಬೇಕು. ಕಾಯಿಲೆ ಬಿದ್ದವು, ಗೊರಸು ಸವೆದವು, ಮುದಿಯಾದವು ಲೆಕ್ಕಕ್ಕೆ ಬಾರವು. ಹೀಗಾಗಿ ಬೀದಿಯಲ್ಲಿ ಕಾಣುವ ಪ್ರತಿಯೊಂದು ಜೋಡಿಯ ಹಿಂದೆ ಕಾಣದ ಎರಡು ಜೋಡಿಗಳು ಲಾಯದಲ್ಲಿ ನಿಂತಿರುತ್ತಿದ್ದವು. ಅವಕ್ಕೆ ಹುಲ್ಲು, ಹುರುಳಿ, ನೀರು ಬೇಕು; ಲಾಳ ಕಟ್ಟುವವನು ಬೇಕು; ಮೈ ತಿಕ್ಕುವವನು ಬೇಕು; ದಿನವೂ ಬೀಳುವ ಲದ್ದಿಯನ್ನು ಸಾಗಿಸುವವನು ಬೇಕು. ಟ್ರಾಮಿನ ಟಿಕೆಟ್ಟಿನ ಕಾಸಿನಲ್ಲಿ ಒಂದು ಪಾಲು ನೇರವಾಗಿ ಈ ಗೋದಲಿಗೆ ಹೋಗುತ್ತಿತ್ತು.

ಕಲ್ಕತ್ತೆಯ ಬೇಸಗೆ ಮನುಷ್ಯರಿಗೇ ಕಷ್ಟ. ಹೊರನಾಡಿನಿಂದ ತರಿಸಿದ ಭಾರಿ ಕುದುರೆಗಳಿಗೆ ಇನ್ನೂ ಕಷ್ಟ. ಸೆಕೆ ತಾಳಲಾರದೆ ಅವು ಸೊರಗುತ್ತಿದ್ದವು. 1882ರಲ್ಲಿ ಉಗಿ ಎಂಜಿನ್ನುಗಳನ್ನು ಪ್ರಯೋಗಕ್ಕೆ ತಂದರು. ಆದರೆ ಜನನಿಬಿಡ ಬೀದಿಯಲ್ಲಿ ಹೊಗೆಯುಗುಳುವ ಎಂಜಿನ್ನು ಹೊಂದಿಕೊಳ್ಳಲಿಲ್ಲ. ಕೊನೆಗೆ ಪರಿಹಾರ ದೊರೆತದ್ದು ವಿದ್ಯುತ್ತಿನಿಂದ. 1900ರಲ್ಲಿ ಕೆಲಸ ಆರಂಭವಾಯಿತು. ಹಳೆಯ ಮೀಟರ್ ಅಗಲದ ಹಳಿಗಳನ್ನು ಕಿತ್ತು ನಾಲ್ಕು ಅಡಿ ಎಂಟೂವರೆ ಅಂಗುಲದ ಹಳಿಗಳನ್ನು ಹಾಕಿದರು. 1902ರ ಮಾರ್ಚ್ 27ರಂದು ಎಸ್ಪ್ಲನೇಡಿನಿಂದ ಖಿದಿರ್‌ಪುರಕ್ಕೆ ಮೊದಲ ವಿದ್ಯುತ್ ಟ್ರಾಮು ಹೊರಟಿತು. ಅದೇ ಜೂನ್ 14ರಂದು ಕಾಳಿಘಾಟ್‌ಗೂ ಓಡಾಟ ಮೊದಲಾಯಿತು.

ಕುದುರೆ ಹೋಗಿ ತಂತಿ ಬಂದಾಗ ಡಿಪೋದ ರೂಪವೇ ಬದಲಾಯಿತು. ಗೋದಲಿಗಳಿದ್ದ ಬಗೆಯ ಲಾಯದ ಬದಲು ಎತ್ತರದ ತಗಡಿನ ಶೆಡ್ಡುಗಳು ಎದ್ದವು. ಬೀದಿಯಿಂದ ಒಳಗೆ ಬರುವ ಒಂದು ಹಳಿ ಡಿಪೋದೊಳಗೆ ಬೀಸಣಿಗೆಯ ಕಡ್ಡಿಗಳಂತೆ ಹಲವಾಗಿ ಕವಲೊಡೆಯುತ್ತದೆ. ಪ್ರತಿಯೊಂದು ಕವಲಿನಲ್ಲಿ ಗಾಡಿಗಳು ಒಂದರ ಹಿಂದೊಂದು ನಿಲ್ಲುತ್ತವೆ. ಕೆಲವು ಹಳಿಗಳ ನಡುವೆ ಆಳುದ್ದದ ಗುಂಡಿ ತೋಡಿರುತ್ತದೆ. ಕೆಲಸಗಾರ ಅದರೊಳಗೆ ಇಳಿದು ನಿಂತರೆ ಗಾಡಿಯ ಹೊಟ್ಟೆ ಅವನ ತಲೆಯ ಮೇಲಿರುತ್ತದೆ. ಗಾಲಿ ಸವೆದಿದೆಯೇ, ಬ್ರೇಕಿನ ಕಟ್ಟೆ ತೇದಿದೆಯೇ, ಮೋಟಾರು ಬಿಸಿಯಾಗುತ್ತಿದೆಯೇ ಎಂದು ಅಲ್ಲಿಂದಲೇ ನೋಡಬೇಕು. ಮೇಲೆ, ಮಾಡಿನಿಂದ ತಂತಿಗೆ ಚಾಚಿದ ಕಂಬದ ತುದಿ ಸರಿಯಾಗಿ ತಂತಿಯನ್ನು ಹಿಡಿಯುತ್ತಿದೆಯೇ ಎಂದು ಪರೀಕ್ಷಿಸಬೇಕು. ಹಳಿ ಒದ್ದೆಯಾಗಿ ಗಾಲಿ ಜಾರಿದಾಗ ಉದುರಿಸಲು ಮರಳಿನ ಪೆಟ್ಟಿಗೆಯನ್ನು ತುಂಬಬೇಕು. ಕಿಟಕಿ ಒರೆಸಬೇಕು, ನೆಲ ತೊಳೆಯಬೇಕು, ಗಂಟೆ ಬಾರಿಸಿ ನೋಡಬೇಕು. ಇವೆಲ್ಲ ಬೆಳಕು ಹರಿಯುವ ಮೊದಲೇ ಮುಗಿಯತಕ್ಕ ಕೆಲಸಗಳು. ಡಿಪೋದಲ್ಲಿ ಸರಿಪಡಿಸಲಾಗದಷ್ಟು ಕೆಟ್ಟ ಗಾಡಿಗಳಿಗೆ ನೋನಾಪುಕುರದ ದೊಡ್ಡ ಕಾರ್ಖಾನೆಯುಂಟು. ಡಿಪೋ ಊರಿನ ವೈದ್ಯನಿದ್ದಂತೆ. ನೋನಾಪುಕುರ ಜಿಲ್ಲಾ ಆಸ್ಪತ್ರೆಯಿದ್ದಂತೆ.

ಈ ಡಿಪೋಗಳು ನಗರದ ಯಾವ ಯಾವ ಮೂಲೆಗಳಲ್ಲಿದ್ದವು ಎಂಬುದನ್ನು ಗಮನಿಸಬೇಕು. ಉತ್ತರದ ಕಡೆ ಬೆಲ್‌ಗಾಛಿಯಾ ಮತ್ತು ರಾಜಾಬಜಾರ್, ಪೂರ್ವಕ್ಕೆ ಪಾರ್ಕ್ ಸರ್ಕಸ್, ದಕ್ಷಿಣಕ್ಕೆ ಗಡಿಯಾಹಾಟ್ ಮತ್ತು ಟಾಲಿಗಂಜ್, ನೈಋತ್ಯಕ್ಕೆ ಹಡಗುಕಟ್ಟೆಯ ಬಳಿಯ ಖಿದಿರ್‌ಪುರ. ನದಿಯಾಚೆ ಹೌರಾದಲ್ಲಿ ಘಾಸ್‌ಬಾಗಾನ್. ಬಂಗಾಳಿಯಲ್ಲಿ ಈ ಹೆಸರಿಗೆ ಹುಲ್ಲಿನ ತೋಟ ಎಂದರ್ಥ. ಮನಸ್ಸಿನಲ್ಲಿ ನಗರದ ನಕ್ಷೆ ಬರೆದುಕೊಂಡು ಈ ಹೆಸರುಗಳನ್ನು ಗುರುತಿಸಿದರೆ ಅವು ಕಲ್ಕತ್ತೆಯ ಸುತ್ತ ಒಂದು ಬಳೆಯಂತೆ ನಿಲ್ಲುವುದನ್ನು ಕಾಣಬಹುದು. ನಡುವೆ ಎಸ್ಪ್ಲನೇಡ್. ಬೆಳಗಾದರೆ ಗಾಡಿಗಳು ಬಳೆಯಿಂದ ನಡುವಿಗೆ ಹರಿಯುತ್ತವೆ. ಕಚೇರಿಗೆ ಹೋಗುವ ಜನ ಹೋಗುವುದೂ ಅದೇ ದಿಕ್ಕಿಗೆ. ರಾತ್ರಿಯಾದರೆ ಗಾಡಿಗಳು ನಡುವಿನಿಂದ ಬಳೆಗೆ ಮರಳುತ್ತವೆ. ಜನ ಮನೆ ಸೇರುವುದೂ ಹಾಗೆಯೇ.

ಇಲ್ಲಿ ಒಂದು ಅರ್ಥಶಾಸ್ತ್ರದ ಸೂಕ್ಷ್ಮವಿದೆ. ಡಿಪೋದಿಂದ ಮಾರ್ಗದ ಮೊದಲ ನಿಲ್ದಾಣಕ್ಕೆ ಗಾಡಿ ಹೋಗುವಾಗ ಅದರಲ್ಲಿ ಪ್ರಯಾಣಿಕರಿರುವುದಿಲ್ಲ. ವಿದ್ಯುತ್ತಿಗೂ ಸಂಬಳಕ್ಕೂ ವೆಚ್ಚವಾಗುತ್ತದೆ, ಆದಾಯ ಬಿಡಿಕಾಸೂ ಇಲ್ಲ. ಡಿಪೋ ಮಾರ್ಗದ ತುದಿಯಲ್ಲೇ ಇದ್ದರೆ ಈ ಖಾಲಿ ಓಟ ಇಲ್ಲವೇ ಇಲ್ಲ ಎನ್ನಬಹುದು. ದೂರ ಸರಿದಷ್ಟೂ ಹೆಚ್ಚುತ್ತದೆ. ಬಸ್ಸಾದರೆ ದೂರದ ಡಿಪೋದಿಂದ ಹೇಗಾದರೂ ಬಂದೀತು. ಟ್ರಾಮಿಗೆ ಆ ಸ್ವಾತಂತ್ರ್ಯವೂ ಇಲ್ಲ. ಹಳಿ ಎಲ್ಲಿ ಕಡಿಯಿತೋ ಅಲ್ಲಿಗೆ ಅದರ ಲೋಕ ಮುಗಿಯಿತು. ಆದ್ದರಿಂದ ಟ್ರಾಮು, ಹಳಿ, ಡಿಪೋ ಈ ಮೂರೂ ಒಂದೇ ದೇಹದ ಅಂಗಗಳು. ಒಂದನ್ನು ಕಡಿದರೆ ಉಳಿದೆರಡು ಬದುಕಲಾರವು.

ವಿದ್ಯುತ್ ಟ್ರಾಮು ಕಲ್ಕತ್ತೆಯ ಬಾಳಿನಲ್ಲಿ ಬೆರೆತುಹೋಯಿತು. ಎರಡು ಪೆಟ್ಟಿಗೆಗಳನ್ನು ಜೋಡಿಸಿದ ಗಾಡಿ. ಮುಂದಿನದು ಮೊದಲ ದರ್ಜೆ, ಹಿಂದಿನದು ಎರಡನೆಯ ದರ್ಜೆ. 1943ರಲ್ಲಿ ಹೂಗ್ಲಿಗೆ ಹೊಸ ಹೌರಾ ಸೇತುವೆ ಬಂದಾಗ ಅದರ ಮೇಲೆ ಮೊದಲು ಸಾಗಿದ್ದು ಒಂಟಿ ಟ್ರಾಮು ಎನ್ನುತ್ತಾರೆ. ಆ ಸೇತುವೆಯಿಂದ ಹೌರಾದ ಹಳಿಗಳೂ ಕಲ್ಕತ್ತೆಯ ಹಳಿಗಳೂ ಕೂಡಿಕೊಂಡವು. ಒಟ್ಟು ಹಳಿಯ ಉದ್ದ 67 ಕಿಲೋಮೀಟರನ್ನು ದಾಟಿತು. 1953ರಲ್ಲಿ ಕಂಪನಿ ಎರಡನೆಯ ದರ್ಜೆಯ ದರವನ್ನು ಒಂದೇ ಒಂದು ಪೈಸೆಯಷ್ಟು ಏರಿಸಿದಾಗ ನಗರವೇ ಸಿಡಿದೆದ್ದಿತು. ಒಂದು ಪೈಸೆಗೆ ಇಷ್ಟು ರೋಷವೇ ಎಂದು ಇಂದಿನವರಿಗೆ ಅನಿಸಬಹುದು. ಟ್ರಾಮು ಬಡವನ ಕಾಲಾಗಿತ್ತು ಎಂದು ತಿಳಿದರೆ ಆಶ್ಚರ್ಯವಾಗದು.

ಸ್ವಾತಂತ್ರ್ಯಾನಂತರವೂ ಕಂಪನಿಯ ಒಡೆತನ ಹೊರದೇಶದವರದಾಗಿಯೇ ಇತ್ತು. 1967ರಲ್ಲಿ ರಾಜ್ಯ ಸರ್ಕಾರ ಆಡಳಿತವನ್ನು ಕೈಗೆ ತೆಗೆದುಕೊಂಡಿತು; 1976ರಲ್ಲಿ ಆಸ್ತಿಯೆಲ್ಲ ಸರ್ಕಾರದ್ದಾಯಿತು. ಅಂದರೆ ಡಿಪೋಗಳ ನೆಲ ಜನರ ಸೊತ್ತಾಯಿತು. ಆದರೆ ಆ ವೇಳೆಗೆ ಬಳೆ ಒಡೆಯಲು ತೊಡಗಿತ್ತು. 1970-71ರಲ್ಲಿ ಹೌರಾದ ಮಾರ್ಗಗಳು ನಿಂತವು. ನದಿಯಾಚೆಯ ಡಿಪೋ ಟ್ರಾಮಿನ ಪಾಲಿಗೆ ಇಲ್ಲವಾಯಿತು. ಎಪ್ಪತ್ತರ ದಶಕದಲ್ಲಿ ನೆಲದಡಿಯ ಮೆಟ್ರೋ ರೈಲಿಗಾಗಿ ಬೀದಿಗಳನ್ನು ಅಗೆದಾಗ ಕೆಲವೆಡೆ ಹಳಿಗಳನ್ನು ಕಿತ್ತರು. 1993ರಲ್ಲಿ ಹೌರಾ ಸೇತುವೆಯ ಭಾರವನ್ನು ಇಳಿಸಲೆಂದು ಟ್ರಾಮನ್ನು ಅಲ್ಲಿಂದ ತೆಗೆದರು.

ಈ ನಡುವೆ 1992ರ ನವೆಂಬರಿನಲ್ಲಿ ಟ್ರಾಮು ಕಂಪನಿಯೇ ಬಸ್ಸುಗಳನ್ನು ಓಡಿಸಲು ಆರಂಭಿಸಿತು. ಬಸ್ಸಿಗೂ ರಾತ್ರಿ ನಿಲ್ಲಲು ಜಾಗ ಬೇಕಲ್ಲವೇ? ಟ್ರಾಮಿನ ಡಿಪೋಗಳಲ್ಲೇ ಅವಕ್ಕೆ ಎಡೆ ಮಾಡಿಕೊಟ್ಟರು. ನಷ್ಟದಲ್ಲಿದ್ದ ಸಂಸ್ಥೆಗೆ ಇದರಿಂದ ಆಧಾರವಾಯಿತೆಂಬುದು ನಿಜ. ಅತಿಥಿಯಾಗಿ ಬಂದವನು ಮೆಲ್ಲಮೆಲ್ಲನೆ ಮನೆಯ ಯಜಮಾನನಾದನೆಂಬುದೂ ಅಷ್ಟೇ ನಿಜ.

ಅನಂತರ ಬಂದದ್ದು ನೆಲದ ಬೆಲೆಯ ಪ್ರಶ್ನೆ. ಡಿಪೋ ಕಟ್ಟಿದಾಗ ಊರಿನ ಅಂಚಿನಲ್ಲಿದ್ದ ಜಾಗಗಳು ಶತಮಾನ ಕಳೆಯುವಷ್ಟರಲ್ಲಿ ಊರಿನ ನಡುವೆ ಸೇರಿಹೋಗಿದ್ದವು. ಟಾಲಿಗಂಜ್, ಬೆಲ್‌ಗಾಛಿಯಾಗಳಲ್ಲಿ ಎಕರೆಗಟ್ಟಲೆ ನೆಲ, ಅದರಲ್ಲಿ ದಿನವೆಲ್ಲ ಖಾಲಿ ಬಿದ್ದ ಹಳಿಗಳು! ಲೆಕ್ಕ ಬಲ್ಲವರ ಕಣ್ಣಿಗೆ ಇದು ಹಾಳುಬಿದ್ದ ಹಣದಂತೆ ಕಂಡಿತು. 2011ರಿಂದೀಚೆಗೆ ಹಲವು ಡಿಪೋಗಳ ನೆಲದ ಭಾಗಗಳನ್ನು ಕಟ್ಟಡಗಳಿಗಾಗಿ ದೀರ್ಘ ಗುತ್ತಿಗೆಗೆ ಕೊಡುವ ಯೋಜನೆ ಮುಂದೆ ಬಂತು. ಬಂದ ಹಣದಿಂದ ಸಂಸ್ಥೆಯ ಸಾಲ ತೀರಿಸಬಹುದು, ಗಾಡಿಗಳನ್ನು ದುರಸ್ತಿ ಮಾಡಬಹುದು ಎಂಬ ವಾದವಿತ್ತು. ಅದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಸಂಬಳ ಕೊಡಲಾಗದ ಸಂಸ್ಥೆ ಗಾಡಿಯನ್ನು ಹೇಗೆ ಓಡಿಸೀತು? ಆದರೆ ಮನೆಯ ಸಾಲ ತೀರಿಸಲು ಅಡಿಗೆಮನೆಯನ್ನು ಮಾರಿದವನು ನಾಳೆ ಎಲ್ಲಿ ಬೇಯಿಸಬೇಕು ಎಂಬ ಪ್ರಶ್ನೆಗೂ ಉತ್ತರ ಹೇಳಬೇಕಾಗುತ್ತದೆ.

ಡಿಪೋಗೆ ಹೋಗುವ ದಾರಿ ಕಡಿದರೂ ಫಲ ಒಂದೇ. 2018ರಲ್ಲಿ ಮಾಜೇರ್‌ಹಾಟ್ ಸೇತುವೆ ಕುಸಿದ ಮೇಲೆ ನಗರದ ಹಳೆಯ ಸೇತುವೆಗಳ ಮೇಲೆಲ್ಲ ಎಚ್ಚರಿಕೆಯ ಕಣ್ಣು ಬಿತ್ತು. ಬೆಲ್‌ಗಾಛಿಯಾ ಸೇತುವೆಯ ಮೇಲೆ ಟ್ರಾಮಿನ ಓಡಾಟ ನಿಂತಿತು. ಆಚೆಯಿದ್ದ ಡಿಪೋ ಬೇರ್ಪಟ್ಟ ದ್ವೀಪವಾಯಿತು. 2020ರ ಮೇ ತಿಂಗಳ ಅಂಫಾನ್ ಚಂಡಮಾರುತದಲ್ಲಿ ಮರಗಳು ಉರುಳಿ ತಂತಿಗಳು ಹರಿದವು. ಎಸ್ಪ್ಲನೇಡ್–ಖಿದಿರ್‌ಪುರ ಮಾರ್ಗ ಮತ್ತೆ ತೆರೆಯಲಿಲ್ಲ. 1902ರಲ್ಲಿ ಮೊದಲ ವಿದ್ಯುತ್ ಟ್ರಾಮು ಸಾಗಿದ್ದು ಇದೇ ಹಾದಿಯಲ್ಲಿ. 2023ರ ಹೊತ್ತಿಗೆ ಉಳಿದದ್ದು ಕೇವಲ ಮೂರು ಮಾರ್ಗ. 2024ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಾರಿಗೆ ಸಚಿವರು, ಎಸ್ಪ್ಲನೇಡಿನಿಂದ ಮೈದಾನದವರೆಗಿನ ತುಂಡು ದಾರಿಯೊಂದನ್ನು ಸ್ಮಾರಕವಾಗಿ ಉಳಿಸಿ ಮಿಕ್ಕಿದ್ದನ್ನು ನಿಲ್ಲಿಸುವುದಾಗಿ ಸಾರಿದರು. ಟ್ರಾಮಿನ ಅಭಿಮಾನಿಗಳು ಹೈಕೋರ್ಟಿನ ಬಾಗಿಲು ಬಡಿದಿದ್ದಾರೆ.

ಟ್ರಾಮು ಕ್ಷೀಣಿಸಲು ಡಿಪೋಗಳೊಂದೇ ಕಾರಣವೆಂದು ಹೇಳುವುದು ಅತಿಯಾದೀತು. ಮೋಟಾರುಗಳು ಹೆಚ್ಚಿ ಬೀದಿ ಇಕ್ಕಟ್ಟಾಯಿತು, ಟ್ರಾಮಿನ ಹಳಿಯ ಮೇಲೇ ಕಾರು, ಲಾರಿಗಳು ಏರಿ ನಿಂತವು, ಮೆಟ್ರೋ ಬಂತು, ಜನರ ಅವಸರ ಬೆಳೆಯಿತು. ಇವೆಲ್ಲ ಸತ್ಯ. ಆದರೆ ಬೀದಿಯಲ್ಲಿ ಸೋತ ಟ್ರಾಮು ಇನ್ನೊಂದು ದಿನ ಮರಳಿ ಬರಲು ಸಾಧ್ಯವಿತ್ತು, ಅದಕ್ಕೆ ಮರಳಲು ಒಂದು ಮನೆ ಇದ್ದಿದ್ದರೆ. ಹಳಿಯನ್ನು ಮತ್ತೆ ಹಾಕಬಹುದು, ಗಾಡಿಯನ್ನು ಮತ್ತೆ ಕಟ್ಟಬಹುದು. ಬಹುಮಹಡಿಯ ಕಟ್ಟಡ ಎದ್ದ ನೆಲವನ್ನು ಮತ್ತೆ ಡಿಪೋ ಮಾಡುವುದು ಮಾತ್ರ ಯಾವ ಸರ್ಕಾರಕ್ಕೂ ಸುಲಭವಲ್ಲ.

ಇದನ್ನು ಮುಂಬಯಿಯ ಕಥೆಯೊಡನೆ ಹೋಲಿಸಿ ನೋಡಬಹುದು. ಅಲ್ಲಿ ಕುದುರೆಯ ಟ್ರಾಮು 1874ರ ಮೇ 9ರಂದು ಹೊರಟಿತು. ಕೊಲಾಬಾ ರಸ್ತೆಯ ಬಳಿ ಕಂಪನಿಯ ಕಚೇರಿ. ಅದರ ಲಾಯದಲ್ಲಿ 900 ಕುದುರೆಗಳಿದ್ದವೆಂದು ಹೇಳುತ್ತಾರೆ. ಆ ಕಚೇರಿಯಿದ್ದೆಡೆಯಲ್ಲೇ ಮುಂದೆ ಎಲೆಕ್ಟ್ರಿಕ್ ಹೌಸ್ ಎದ್ದಿತು. 1907ರಲ್ಲಿ ವಿದ್ಯುತ್ ಟ್ರಾಮು, 1926ರಲ್ಲಿ ಮೋಟಾರು ಬಸ್ಸು ಬಂದವು. 1947ರ ಆಗಸ್ಟ್ 7ರಂದು ಇಡೀ ಸಂಸ್ಥೆ ನಗರಸಭೆಯ ಕೈಸೇರಿತು. 1964ರ ಮಾರ್ಚ್ 31ರ ರಾತ್ರಿ ಬೋರಿಬಂದರಿನಿಂದ ದಾದರಿಗೆ ಕೊನೆಯ ಟ್ರಾಮು ಸಾಗಿತು. ಅಲ್ಲಿ ಟ್ರಾಮು ಹೋಯಿತಾದರೂ ಅದೇ ನಗರಸಭೆಯ ಬಸ್ಸುಗಳು ಬಡವರನ್ನು ಹೊತ್ತು ಸಾಗುವ ಕೆಲಸವನ್ನು ಮುಂದುವರಿಸಿದವು. ಅವುಗಳಿಗೆ ಊರೊಳಗೇ ಡಿಪೋಗಳಿದ್ದವು. ದಾದರಿನ ಒಂದು ಭಾಗವನ್ನು ಜನ ದಾದರ್ ಟಿ. ಟಿ. ಎಂದೇ ಕರೆಯುತ್ತ ಬಂದಿದ್ದಾರೆ. ಟಿ. ಟಿ. ಎಂದರೆ ಟ್ರಾಮಿನ ಕೊನೆಯ ನಿಲ್ದಾಣ. ಟ್ರಾಮು ಹೋಗಿ ಆರು ದಶಕ ಕಳೆದರೂ ಹೆಸರು ಉಳಿದಿದೆ! ವಾಹನ ಅಳಿದ ಮೇಲೂ ಅದು ತಂಗಿದ ಜಾಗ ಜನರ ನಾಲಗೆಯಲ್ಲಿ ಬಾಳುತ್ತದೆ.

ಇನ್ನು ನಮ್ಮ ಬೆಂಗಳೂರಿನ ಮಾತು. ಅಲ್ಲಿ ಟ್ರಾಮು ಓಡಲಿಲ್ಲ. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಬಸ್ಸುಗಳನ್ನು ಓಡಿಸಿತು. 1956ರಲ್ಲಿ ಅದು ಸರ್ಕಾರದ್ದಾಗಿ ಬಿ. ಟಿ. ಎಸ್. ಎಂಬ ಹೆಸರು ಮನೆಮಾತಾಯಿತು. 1997ರಿಂದ ಅದು ಬಿ. ಎಂ. ಟಿ. ಸಿ. ಆಗಿದೆ. ಈಚಿನ ವಿದ್ಯುತ್ ಬಸ್ಸುಗಳು ಬಂದ ಮೇಲೆ ಡಿಪೋ ಮತ್ತೆ ಹೊಸ ವೇಷ ತೊಟ್ಟಿದೆ. ರಾತ್ರಿಯೆಲ್ಲ ಗಾಡಿಗಳು ತಂತಿಗೆ ಬಾಯಿಟ್ಟು ವಿದ್ಯುತ್ತನ್ನು ಕುಡಿಯುತ್ತವೆ. ಕಲ್ಕತ್ತೆಯ ಲಾಯದಲ್ಲಿ ಕುದುರೆ ಹುರುಳಿ ಮೇಯುತ್ತಿದ್ದುದಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ಮೆಟ್ರೋದ ಚರಿತ್ರೆ ಇನ್ನೂ ಸ್ಪಷ್ಟವಾದ ಪಾಠ ಹೇಳುತ್ತದೆ. ನಮ್ಮ ಮೆಟ್ರೋದ ಮೊದಲ ತುಂಡು 2011ರ ಅಕ್ಟೋಬರ್ 20ರಂದು ತೆರೆಯಿತು. ಅದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗಿನ ದಾರಿ. ಎರಡನೆಯ ತುಂಡು 2014ರ ಮಾರ್ಚ್ 1ರಂದು ಸಂಪಿಗೆ ರಸ್ತೆಯಿಂದ ಪೀಣ್ಯದ ಕಡೆಗೆ ತೆರೆಯಿತು. ಈ ಎರಡು ದಿಕ್ಕುಗಳಿಗೂ ಸಮಾನವಾದದ್ದೇನು? ಬೈಯಪ್ಪನಹಳ್ಳಿಯಲ್ಲಿ ಒಂದು ಡಿಪೋ, ಪೀಣ್ಯದಲ್ಲಿ ಇನ್ನೊಂದು. ರೈಲು ತಂಗುವ ಮನೆ ಎಲ್ಲಿದೆಯೋ ಅಲ್ಲಿಂದಲೇ ಅದರ ಹಾದಿ ಮೊದಲಾಗಬೇಕು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರೆಂದು ನಾವು ನಗುತ್ತೇವೆ. ಆದರೆ ನಗರದ ವಾಹನಗಳ ವಿಷಯದಲ್ಲಿ ಕುಲಾವಿಯೇ ಮೊದಲು, ಕೂಸು ಆಮೇಲೆ.

ಊರು ಬೆಳೆದಂತೆ ಡಿಪೋದ ನೆಲ ಬೆಲೆ ಏರಿಸಿಕೊಂಡು ಕಣ್ಣು ಕುಕ್ಕುವುದು ಸಹಜ. ಇಷ್ಟು ದೊಡ್ಡ ಬಯಲು ಇಲ್ಲಿ ಏಕೆ, ಊರಾಚೆ ಹಾಕಬಾರದೇ ಎಂದು ಕೇಳುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಅವರ ಪ್ರಶ್ನೆಗೆ ಕಲ್ಕತ್ತೆಯ ಚರಿತ್ರೆಯಲ್ಲಿ ಉತ್ತರವಿದೆ. ಡಿಪೋದ ಬಯಲು ಹಗಲು ಖಾಲಿಯಿದೆಯೆಂದರೆ ಗಾಡಿಗಳೆಲ್ಲ ಬೀದಿಯಲ್ಲಿ ಜನರ ಸೇವೆಯಲ್ಲಿವೆ ಎಂದರ್ಥ. ಆ ಬಯಲು ಹಗಲಿನಲ್ಲೂ ನಿಂತ ಗಾಡಿಗಳಿಂದ ತುಂಬಿರುವುದನ್ನು ಕಂಡರೆ ಆಗ ಚಿಂತಿಸಬೇಕು. ಬಯಲೇ ಇಲ್ಲವಾದರೆ ಚಿಂತಿಸಿಯೂ ಫಲವಿರದು.